ಟೊಂಕ ಕಟ್ಟುವ ಮೊದಲು

ನಮ್ಮ ಕಾಲೇಜಿನ ಹುಡುಗರ ಬ್ಯಾಗಿನಲ್ಲಿ ಈಗ ಪುಸ್ತಕ, ಟಿಫಿನ್ ಬಾಕ್ಸ್ ಜೊತೆಗೆ ಇನ್ನೊಂದು ವಸ್ತು ಕಾಣಿಸುತ್ತಿದೆ. ಅಗಲವಾದ ಕಪ್ಪು ಬೆಲ್ಟು. ಪ್ಯಾಂಟಿಗೆ ಹಾಕುವುದಲ್ಲ, ಭಾರ ಎತ್ತುವಾಗ ಸೊಂಟಕ್ಕೆ ಬಿಗಿಯುವುದು. ದ್ವಿತೀಯ ಪಿಯುಸಿ ಕಾಮರ್ಸ್‌ನ ನಮ್ಮ ಒಂದೇ ಸೆಕ್ಷನ್‌ನಲ್ಲಿ ಏಳು ಜನರ ಬಳಿ ಇದೆ. ನಾನೇ ಎಣಿಸಿದ್ದೇನೆ. ಏಕೆಂದರೆ ಆ ಏಳರಲ್ಲಿ ಮೊದಲನೆಯದು ನನ್ನದು. ಕಾಲೇಜು ಬಿಟ್ಟ ಮೇಲೆ ಹಿನಕಲ್ ಫ್ಲೈಓವರ್ ಕೆಳಗೆ ರಸ್ತೆ ದಾಟಿ ಜಿಮ್ಮಿಗೆ ಹೋಗುವ ನಮ್ಮವರಲ್ಲಿ ಕೆಲವರು ಐದು ಕೆ.ಜಿ. ಡಂಬೆಲ್ ಹಿಡಿದು ತೋಳು ಮಡಚುವಾಗಲೂ ಅದನ್ನು ಬಿಚ್ಚುವುದಿಲ್ಲ. ಫೋಟೋ ತೆಗೆಯುವಾಗಂತೂ ಇನ್ನೂ ಒಂದು ತೂತು ಬಿಗಿ ಮಾಡುತ್ತಾರೆ.

ಬೆಲ್ಟು ಕೆಟ್ಟ ವಸ್ತು ಎಂದು ನಾನು ಹೇಳುತ್ತಿಲ್ಲ. ನಾವು ಅದನ್ನು ಕೊಳ್ಳುವ ಕ್ರಮ ತಪ್ಪು ಎನ್ನುತ್ತಿದ್ದೇನೆ. ಭಾರ ಎತ್ತುವುದನ್ನು ಕಲಿಯುವ ಮೊದಲೇ ಕೊಳ್ಳುತ್ತೇವೆ. ಪ್ಯಾಂಟಿನ ಅಳತೆ ಹೇಳಿ ಕೊಳ್ಳುತ್ತೇವೆ. ಬೆಲ್ಟು ಕಟ್ಟಿಕೊಂಡರೆ ಬೆನ್ನಿಗೆ ಏನೂ ಆಗುವುದಿಲ್ಲ ಎಂದು ನಂಬುತ್ತೇವೆ. ಈ ಮೂರು ತಪ್ಪುಗಳನ್ನೂ ನಾನು ಮಾಡಿದ್ದೇನೆ. ಅದಕ್ಕಾಗಿಯೇ ಈ ಲೇಖನ.

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ಜಿಮ್ಮಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿರುವ ಬಾರ್ ಅನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವುದರಲ್ಲಿ, ನಾನು 90 ಕೆ.ಜಿ.ಗೆ ಬಂದಿದ್ದೆ. ಅಷ್ಟರಲ್ಲಿ ಈದ್‌ಗೆ ಮಾಮು ಕೊಟ್ಟ ಈದಿ ಕೈಯಲ್ಲಿತ್ತು. ಅದರಲ್ಲಿ 650 ರೂಪಾಯಿ ಕೊಟ್ಟು ವೆಲ್ಕ್ರೋ ಪಟ್ಟಿಯ ನೈಲಾನ್ ಬೆಲ್ಟು ತಂದೆ. ಅಂಗಡಿಯವರು "ಸೈಜ್ ಎಷ್ಟು?" ಅಂದರು. ಪ್ಯಾಂಟು 30 ಇತ್ತು, 30 ಅಂದೆ. ಮಾರನೇ ದಿನ ಬೆಲ್ಟು ಬಿಗಿದು, ಬಾರ್‌ಗೆ ಒಟ್ಟಿಗೆ ಇಪ್ಪತ್ತು ಕೆ.ಜಿ. ಹೆಚ್ಚಿಗೆ ಹಾಕಿದೆ. "ಬೆಲ್ಟ್ ಇದೆಯಲ್ಲ ಮಗಾ, ಎತ್ತು" ಎಂದು ಪಕ್ಕದವನು ಹುರಿದುಂಬಿಸಿದ. ಬಾರ್ ಮೊಣಕಾಲಿನವರೆಗೆ ಬಂತು. ಬೆನ್ನು ಬಿಲ್ಲಿನಂತೆ ಬಗ್ಗಿತು. ವೆಲ್ಕ್ರೋ ಪರ್‍ರೆಂದು ಬಿಚ್ಚಿಕೊಂಡಿತು. ಅದೇ ಕ್ಷಣದಲ್ಲಿ ಸೊಂಟದ ಎಡಗಡೆ ಯಾರೋ ಸೂಜಿ ಚುಚ್ಚಿದ ಹಾಗಾಯಿತು.

ಮೂರು ವಾರ ತರಗತಿಯ ಬೆಂಚಿನ ಮೇಲೆ ನೆಟ್ಟಗೆ ಕೂರಲು ಆಗಲಿಲ್ಲ. ಒಂದು ಕಿರುಪರೀಕ್ಷೆ ತಪ್ಪಿತು. ಡಾಕ್ಟರು ಮೂಳೆಗೆ ಏನೂ ಆಗಿಲ್ಲ, ಸ್ನಾಯು ಎಳೆದಿದೆ ಅಂದರು. ನನ್ನನ್ನು ಕರೆದುಕೊಂಡು ಹೋಗಲು ಅಬ್ಬ ಒಂದು ದಿನದ ಕೂಲಿ ಬಿಟ್ಟರು. ಡಾಕ್ಟರ ಫೀಸು, ಮಾತ್ರೆ, ಆಟೋ, ಅಬ್ಬನ ಕೂಲಿ ಎಲ್ಲ ಸೇರಿಸಿದರೆ ಒಳ್ಳೆಯ ಚರ್ಮದ ಬೆಲ್ಟೇ ಬರುತ್ತಿತ್ತು. ಕಾಮರ್ಸ್ ವಿದ್ಯಾರ್ಥಿಯಾಗಿ ಈ ಲೆಕ್ಕ ನನಗೆ ತಡವಾಗಿ ಹೊಳೆಯಿತು.

ಮಲಗಿದ್ದ ದಿನಗಳಲ್ಲಿ ನಾನು ಕಲಿತ ಮೊದಲ ವಿಷಯ ಇದು: ಬೆಲ್ಟು ಬೆನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ಬೆನ್ನಿಗೆ ಒಳಗಿನಿಂದ ಆಸರೆ ಕೊಡುವುದು ನಮ್ಮ ಹೊಟ್ಟೆ. ಭಾರ ಎತ್ತುವ ಮುನ್ನ ಹೊಟ್ಟೆ ತುಂಬ ಉಸಿರು ತೆಗೆದುಕೊಂಡು, ಅದನ್ನು ಹಿಡಿದು, ಹೊಟ್ಟೆಯ ಸುತ್ತಲಿನ ಸ್ನಾಯುಗಳನ್ನು ಗಟ್ಟಿ ಮಾಡಿದಾಗ ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ಬೆನ್ನುಮೂಳೆ ಬಾಗದಂತೆ ನೆರವಾಗುತ್ತದೆ. ಮುಚ್ಚಳ ತೆಗೆಯದ ನೀರಿನ ಪ್ಲಾಸ್ಟಿಕ್ ಬಾಟಲಿಯ ಮೇಲೆ ಕಾಲಿಟ್ಟರೆ ಅದು ತಡೆಯುತ್ತದೆ, ಮುಚ್ಚಳ ತೆಗೆದ ಖಾಲಿ ಬಾಟಲಿ ಅಪ್ಪಚ್ಚಿಯಾಗುತ್ತದೆ. ಅಷ್ಟೇ ವ್ಯತ್ಯಾಸ.

ಹಾಗಾದರೆ ಬೆಲ್ಟಿನ ಕೆಲಸ ಏನು? ಅಬ್ಬನಿಗೆ ಇದನ್ನು ವಿವರಿಸುವಾಗ ನನಗೆ ಲಾರಿಯ ಚಕ್ರ ನೆನಪಾಯಿತು. ಹೊರೆ ಹೊರುವುದು ಟ್ಯೂಬಿನೊಳಗಿನ ಗಾಳಿ. ಟೈರು ಆ ಟ್ಯೂಬು ಹೊರಗೆ ಉಬ್ಬದಂತೆ ಹಿಡಿದಿಡುತ್ತದೆ. ಟ್ಯೂಬಿನಲ್ಲಿ ಗಾಳಿಯೇ ಇಲ್ಲದಿದ್ದರೆ ಎಂಥ ಟೈರು ಹಾಕಿದರೂ ಲಾರಿ ಕೂತುಬಿಡುತ್ತದೆ. ಬೆಲ್ಟು ಟೈರಿನ ಹಾಗೆ. ಉಬ್ಬಿದ ಹೊಟ್ಟೆ ಒತ್ತಲು ಅದು ಒಂದು ಗೋಡೆ ಕೊಡುತ್ತದೆ, ಒಳಗಿನ ಒತ್ತಡ ಇನ್ನಷ್ಟು ಏರುತ್ತದೆ. ಉಸಿರು ಹಿಡಿಯಲು ಬಾರದವನಿಗೆ ಅದು ಬರೀ ಅಲಂಕಾರ. ನನ್ನ ಸೊಂಟಕ್ಕೆ ಅಂದು ಕಟ್ಟಿದ್ದು ಗಾಳಿ ಇಲ್ಲದ ಟ್ಯೂಬಿನ ಮೇಲಿನ ಟೈರು.

ಕನ್ನಡದಲ್ಲಿ ಕಷ್ಟದ ಕೆಲಸಕ್ಕೆ ಸಿದ್ಧನಾದವನನ್ನು "ಟೊಂಕ ಕಟ್ಟಿ ನಿಂತ" ಎನ್ನುತ್ತೇವೆ. ಸೊಂಟಕ್ಕೆ ಏನಾದರೂ ಬಿಗಿದು ಕೆಲಸಕ್ಕಿಳಿಯುವುದು ನಮ್ಮ ಜನರಿಗೆ ಹೊಸದಲ್ಲ. ಆದರೆ ಮೊದಲು ಸಿದ್ಧತೆ, ಆಮೇಲೆ ಕಟ್ಟು. ನಮ್ಮ ಮೈಸೂರಿನ ಗರಡಿ ಮನೆಗಳಲ್ಲಿ ಈ ಕ್ರಮ ಕಟ್ಟುನಿಟ್ಟಾಗಿತ್ತು. ನನ್ನ ದಾದಾ ಹುಡುಗರಾಗಿದ್ದಾಗ ಗರಡಿಗೆ ಹೋಗುತ್ತಿದ್ದರು. ಕೆಮ್ಮಣ್ಣಿನ ಅಖಾಡಕ್ಕೆ ಇಳಿಯುವ ಮೊದಲು ದಂಡ, ಬಸ್ಕಿ ಹೊಡೆದು ಹೊಡೆದು ಕಾಲು ನಡುಗಬೇಕಿತ್ತಂತೆ. ಗದೆ ತಿರುಗಿಸಲು ಉಸ್ತಾದರು ಯಾವಾಗ ಬಿಡುತ್ತಾರೆ ಎಂದು ತಿಂಗಳುಗಟ್ಟಲೆ ಕಾದಿದ್ದರಂತೆ. ಹಿಂದೂ ಆಗಲಿ ಮುಸ್ಲಿಂ ಆಗಲಿ, ಗರಡಿಯಲ್ಲಿ ಗುರುವಿಗೆ ಉಸ್ತಾದ್ ಎಂದೇ ಹೆಸರು. ಇಂದಿಗೂ ದಸರಾ ಕುಸ್ತಿಗೆ ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣಕ್ಕೆ ಹೋದರೆ ನೋಡಬಹುದು, ಜಟ್ಟಿಯ ಸೊಂಟದಲ್ಲಿ ಲಂಗೋಟ ಬಿಟ್ಟರೆ ಬೇರೆ ಆಸರೆ ಇಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರೂ ಹೀಗೆ ವರ್ಷಗಟ್ಟಲೆ ಮೈ ಹದ ಮಾಡಿಕೊಂಡೇ ಕಲ್ಲಿಗೆ ಕೈ ಹಾಕುತ್ತಾರೆ. ನಮ್ಮ ಜಿಮ್ಮುಗಳಲ್ಲಿ ಹೊಸ ಯಂತ್ರಗಳಿವೆ, ದೊಡ್ಡ ಕನ್ನಡಿಗಳಿವೆ. "ಇನ್ನೂ ಬೇಡ, ನಿಲ್ಲು" ಎನ್ನುವ ಉಸ್ತಾದರು ಕಡಿಮೆ.

ಇದನ್ನು ಕೇಳಿ "ಹಾಗಾದರೆ ಚಾಂಪಿಯನ್‌ಗಳು ಯಾಕೆ ಬೆಲ್ಟ್ ಹಾಕುತ್ತಾರೆ?" ಎಂದು ಗೆಳೆಯನೊಬ್ಬ ವಾದಿಸಿದ. ನ್ಯಾಯವಾದ ಪ್ರಶ್ನೆ. ನಮ್ಮ ರಾಜ್ಯದವರೇ ಆದ ಗುರುರಾಜ ಪೂಜಾರಿ ಅವರನ್ನು ನೋಡಿ. ಕುಂದಾಪುರದ ಕಡೆಯ ಲಾರಿ ಚಾಲಕರೊಬ್ಬರ ಮಗ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ನಾಲ್ಕು ವರ್ಷದ ನಂತರ 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಪಡೆದರು. ನಾಲ್ಕು ವರ್ಷದಲ್ಲಿ ಒಟ್ಟು ಭಾರ ಏರಿದ್ದು 20 ಕೆ.ಜಿ., ಅದೂ ಎರಡು ಬಗೆಯ ಎತ್ತುವಿಕೆಗಳನ್ನು ಕೂಡಿಸಿ. ನಾನು ಒಂದು ಸಂಜೆಯಲ್ಲಿ ಏರಿಸಿದ್ದೂ 20 ಕೆ.ಜಿ. ಅವರಿಗೂ ನನಗೂ ಇರುವ ವ್ಯತ್ಯಾಸ ಸೊಂಟದ ಬೆಲ್ಟಿನಲ್ಲಿಲ್ಲ, ಇಲ್ಲಿದೆ.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬೆಲ್ಟಿಗೆ ಅನುಮತಿ ಇದೆ, ಕಡ್ಡಾಯವಿಲ್ಲ. ಒಲಿಂಪಿಕ್ಸ್‌ನಲ್ಲಿ ನೋಡುವ ವೇಟ್‌ಲಿಫ್ಟಿಂಗ್‌ನಲ್ಲಿ ಬೆಲ್ಟಿನ ಅಗಲ 12 ಸೆಂ.ಮೀ. ಮೀರುವಂತಿಲ್ಲ. ಅಲ್ಲಿ ಸ್ನ್ಯಾಚ್ ಎತ್ತುವಾಗ ಬೆಲ್ಟಿಲ್ಲದೆ ಬಂದು, ಕ್ಲೀನ್ ಆ್ಯಂಡ್ ಜರ್ಕ್‌ಗೆ ಮಾತ್ರ ಕಟ್ಟಿಕೊಳ್ಳುವವರು ಹಲವರು. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಇರುವ ಪವರ್‌ಲಿಫ್ಟಿಂಗ್‌ನಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಅಗಲ 10 ಸೆಂ.ಮೀ., ದಪ್ಪ 13 ಮಿ.ಮೀ. ಗರಿಷ್ಠ. ಅಂದರೆ ವರ್ಷಗಟ್ಟಲೆ ಬೆಲ್ಟಿಲ್ಲದೆ ಕಟ್ಟಿದ ಮೈಯಿಂದ ಇನ್ನೂ ಸ್ವಲ್ಪ ಹೆಚ್ಚು ಹೊರಡಿಸಲು ಅವರು ಬೆಲ್ಟು ಬಳಸುತ್ತಾರೆ. ಅವರ ಕೊನೆಯ ಮೆಟ್ಟಿಲನ್ನು ನಾವು ಮೊದಲ ಮೆಟ್ಟಿಲು ಮಾಡಿಕೊಂಡಿದ್ದೇವೆ.

ಇನ್ನು ನಾನು ನಿಜವಾಗಿ ಹೇಳಬೇಕಾದ ಮಾತು. ಅಬ್ಬ ಬಂಡಿಪಾಳ್ಯದ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ನಾನು ಭಾರ ಎತ್ತಲು ಜಿಮ್ಮಿಗೆ ದುಡ್ಡು ಕಟ್ಟುತ್ತೇನೆ, ಅಬ್ಬ ಭಾರ ಎತ್ತಿ ಆ ದುಡ್ಡು ತರುತ್ತಾರೆ. ತಲೆಗೆ ಒಂದು ಟವೆಲ್ ಸಿಂಬಿ, ಸೊಂಟಕ್ಕೆ ಇನ್ನೊಂದು ಟವೆಲ್ ಬಿಗಿ. ಮೂಟೆ ಒಂದಕ್ಕೆ 50 ಕೆ.ಜಿ. ಹತ್ತು ಟನ್‌ನ ಲಾರಿ ಬಂದರೆ 200 ಮೂಟೆ. ನಾಲ್ಕು ಜನ ಇಳಿಸಿದರೆ ತಲೆಗೆ 50 ಮೂಟೆ, ಅಂದರೆ 2,500 ಕೆ.ಜಿ. ನಾನು 80 ಕೆ.ಜಿ.ಯನ್ನು ಐದೈದು ಸಲದಂತೆ ಐದು ಸುತ್ತು ಎತ್ತಿದರೆ ಇಡೀ ದಿನಕ್ಕೆ 2,000 ಕೆ.ಜಿ. ಆಗುತ್ತದೆ. ಪ್ರತಿ ಸುತ್ತಿಗೆ ಮೂರು ನಿಮಿಷ ವಿಶ್ರಾಂತಿ, ಮಾರನೇ ದಿನ ರಜೆ. ಅಬ್ಬನಿಗೆ ಒಂದು ಲಾರಿಯ ಹಿಂದೆ ಇನ್ನೊಂದು ಲಾರಿ.

ಅಬ್ಬನಿಗೆ ಈಗ 48. ಮೂರು ವರ್ಷದಿಂದ ಮಸೀದಿಯಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತು ನಮಾಜ್ ಮಾಡುತ್ತಾರೆ. ರುಕೂಗೆ ಬಗ್ಗಿದರೆ ಏಳುವುದು ಕಷ್ಟ, ಸಜ್ದಾ ಆಗುವುದೇ ಇಲ್ಲ. ಆ ಸಾಲಿನಲ್ಲಿ ಎಪ್ಪತ್ತು ದಾಟಿದವರ ನಡುವೆ ಅಬ್ಬನನ್ನು ನೋಡುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ನಾನು ಮಲಗಿದ್ದಾಗ ಒಂದು ರಾತ್ರಿ ಅಬ್ಬ ನನ್ನ ಬೆಲ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದು ಸೊಂಟ ನೋವಿಗೆ ಆಗುತ್ತಾ ಬೇಟಾ?" ಅಂದರು. ನಾನು ಏನೂ ಗೊತ್ತಿಲ್ಲದೆ "ಆಗುತ್ತೆ ಅಬ್ಬ, ನೀವೇ ಹಾಕ್ಕೊಳ್ಳಿ" ಅಂದೆ. ಮಾರನೇ ದಿನ ಯಾರ್ಡಿಗೆ ಕಟ್ಟಿಕೊಂಡು ಹೋದರು. ಮಧ್ಯಾಹ್ನಕ್ಕೆ ಬಿಚ್ಚಿ ಬ್ಯಾಗಿಗೆ ಹಾಕಿದರಂತೆ. "ಬಗ್ಗಿದರೆ ಪಕ್ಕೆಗೆ ಚುಚ್ಚುತ್ತೆ, ಸೆಖೆ ಬೇರೆ. ದಿನವೆಲ್ಲ ಬಿಗಿದುಕೊಂಡು ಉಸಿರಾಡೋದು ಹೇಗೆ? ನಮ್ಮ ಟವೆಲ್ಲೇ ವಾಸಿ" ಅಂದರು.

ಅಬ್ಬನ ಮಾತು ಸರಿ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದಲ್ಲಿ ಗೋದಾಮು, ಅಂಗಡಿಗಳ ಕೆಲಸಗಾರರಿಗೆ ಬೆನ್ನಿನ ಬೆಲ್ಟು ಕೊಡುವ ಪದ್ಧತಿ ಹಬ್ಬಿದಾಗ ಅಲ್ಲಿನ ಸರ್ಕಾರದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಶ್ ಅದನ್ನು ಪರಿಶೀಲಿಸಿತು. ಆರೋಗ್ಯವಂತ ಕೆಲಸಗಾರರ ಬೆನ್ನಿಗೆ ಪೆಟ್ಟಾಗುವುದನ್ನು ಈ ಬೆಲ್ಟು ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು 1994ರಲ್ಲಿ ಹೇಳಿತು. ನಂತರ ಒಂಬತ್ತು ಸಾವಿರಕ್ಕೂ ಹೆಚ್ಚು ಅಂಗಡಿ ಕೆಲಸಗಾರರನ್ನು ಗಮನಿಸಿ ಮಾಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಬೆಲ್ಟು ಹಾಕಿದವರಿಗೂ ಹಾಕದವರಿಗೂ ಬೆನ್ನು ನೋವಿನಲ್ಲಾಗಲಿ, ಪರಿಹಾರ ಕೇಳಿದ ಪ್ರಮಾಣದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಎರಡು ಪಾಠ. ಒಂದು, ಐದು ಸಲ ಎತ್ತಿ ಬಿಚ್ಚಿಡುವ ಬೆಲ್ಟು ಬೇರೆ, ಬೆಳಗಿನಿಂದ ಸಂಜೆವರೆಗೆ ದುಡಿಯುವವನ ಬೆಲ್ಟು ಬೇರೆ. ನಮ್ಮ ಮನೆಗಳಲ್ಲಿ ಹಮಾಲಿಗಳು, ಗಾರೆ ಕೆಲಸದವರು, ಗ್ಯಾಸ್ ಸಿಲಿಂಡರ್ ಹೊರುವವರು ಇದ್ದಾರೆ. "ನಮ್ಮ ಹುಡುಗ ಜಿಮ್ಮಿಗೆ ಹೋಗ್ತಾನೆ, ಅವನಿಗೆ ಗೊತ್ತು" ಎಂದು ಅವರು ನಮ್ಮನ್ನು ಕೇಳುತ್ತಾರೆ. ಆಗ ನನ್ನ ಹಾಗೆ ಸುಳ್ಳು ಧೈರ್ಯ ಕೊಡಬೇಡಿ. ಎರಡು, ದುಡಿಯುವವರ ಬೆನ್ನನ್ನು ಕಾಯುವುದು ಮೂಟೆಯ ತೂಕ, ತಳ್ಳುಗಾಡಿ, ಜೊತೆಗೆ ಹಿಡಿಯುವ ಇನ್ನೊಬ್ಬ, ಮತ್ತು ವಿಶ್ರಾಂತಿ. ನಮ್ಮ ಕಾರ್ಖಾನೆಗಳ ಕಾಯ್ದೆ 1948ರ 34ನೇ ಕಲಮು ಕೂಡ ಪೆಟ್ಟಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಎಂದಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ವಯಸ್ಕ ಗಂಡಸು ಒಬ್ಬನೇ ಹೊರುವ ಭಾರಕ್ಕೆ 55 ಕೆ.ಜಿ. ಮಿತಿ ಸೂಚಿಸಿತು. ಅಬ್ಬ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ವಿಂಟಲ್ ಮೂಟೆಗಳನ್ನು, ಅಂದರೆ 100 ಕೆ.ಜಿ.ಯನ್ನು, ಬೆನ್ನ ಮೇಲೆ ಹೊತ್ತಿದ್ದಾರೆ. ಅವರ ಬೆನ್ನು ಹೋದದ್ದು ಟವೆಲ್ ಸಡಿಲವಾಗಿದ್ದರಿಂದ ಅಲ್ಲ.

ಇಷ್ಟು ಹೇಳಿದ ಮೇಲೂ ಬೆಲ್ಟು ಬೇಕು ಎನ್ನುವವರಿದ್ದಾರೆ. ನನಗೂ ಈಗ ಬೇಕಾಗಿದೆ. ಆದ್ದರಿಂದ ನಾನು ಕಲಿತದ್ದನ್ನು ಹೇಳುತ್ತೇನೆ.

ಯಾವಾಗ ಬೇಕು? ಸ್ಕ್ವಾಟ್, ಡೆಡ್‌ಲಿಫ್ಟ್, ತಲೆಯ ಮೇಲೆ ಎತ್ತುವುದು, ಈ ಮೂರನ್ನು ಬೆಲ್ಟಿಲ್ಲದೆ ಸರಿಯಾಗಿ ಮಾಡಲು ಬಂದ ಮೇಲೆ. ಒಮ್ಮೆಗೆ ನೀವು ಎತ್ತಬಲ್ಲ ಗರಿಷ್ಠ ಭಾರದ ಸುಮಾರು ಶೇ. 80 ದಾಟುವ ಸುತ್ತುಗಳಿಗೆ ಮಾತ್ರ. 100 ಕೆ.ಜಿ. ಎತ್ತುವವನು 80ರವರೆಗೆ ಬರಿ ಸೊಂಟದಲ್ಲೇ ಎತ್ತಲಿ. ತೋಳು, ಭುಜದ ಸಣ್ಣ ವ್ಯಾಯಾಮಗಳಿಗೆ, ಟ್ರೆಡ್‌ಮಿಲ್‌ಗೆ ಬೆಲ್ಟು ಬೇಕಿಲ್ಲ. ಸುತ್ತು ಮುಗಿದ ತಕ್ಷಣ ಸಡಿಲಿಸಿ.

ಅಳತೆ ಹೇಗೆ? ಪ್ಯಾಂಟಿನ ನಂಬರ್ ಮರೆತುಬಿಡಿ. ಟೈಲರ್ ಟೇಪು ತೆಗೆದು ಹೊಕ್ಕುಳಿನ ಮಟ್ಟದಲ್ಲಿ, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ನನ್ನ ಪ್ಯಾಂಟು 30, ಹೊಕ್ಕುಳಿನ ಸುತ್ತಳತೆ 33 ಇಂಚು. ನನ್ನ ವೆಲ್ಕ್ರೋ ಬಿಚ್ಚಿಕೊಂಡದ್ದು ಯಾಕೆ ಎಂದು ಈಗ ನಿಮಗೆ ಗೊತ್ತಾಗಿರಬೇಕು, ಅಂಟಲು ಪಟ್ಟಿಯೇ ಸಾಲುತ್ತಿರಲಿಲ್ಲ. ತೂತುಗಳಿರುವ ಬೆಲ್ಟಾದರೆ ನಿಮ್ಮ ಅಳತೆ ನಡುವಿನ ತೂತಿಗೆ ಬರಬೇಕು. ನಾವಿನ್ನೂ ಬೆಳೆಯುವ ವಯಸ್ಸಿನವರು, ಎರಡೂ ಕಡೆಗೆ ಜಾಗ ಇರಲಿ.

ಯಾವ ಬಗೆ? ನೈಲಾನ್ ಬೆಲ್ಟು ಹಗುರ, ಮೆತ್ತಗೆ, ಬಗ್ಗಲು ಸುಲಭ. ವೆಲ್ಕ್ರೋ ಕಾಲಕ್ರಮೇಣ ಹಿಡಿತ ಕಳೆದುಕೊಳ್ಳುತ್ತದೆ. ಚರ್ಮದ ಬೆಲ್ಟು ಗಟ್ಟಿ, ಹೆಚ್ಚು ಭಾರಕ್ಕೆ ವಾಸಿ. ಅದರಲ್ಲೂ ಹಿಂದೆ ಮುಂದೆ ಒಂದೇ ಅಗಲ ಇರುವುದನ್ನು ನೋಡಿ. ಹಿಂದೆ ಅಗಲ, ಮುಂದೆ ಕಿರಿದು ಇರುವ ಬೆಲ್ಟು ಬೆನ್ನಿಗೆ ಆಸರೆ ಎಂದು ಮಾರುತ್ತಾರೆ, ಆದರೆ ಹೊಟ್ಟೆ ಒತ್ತುವುದು ಮುಂದೆ. ಕುಳ್ಳಗಿರುವವರಿಗೆ 10 ಸೆಂ.ಮೀ. ಅಗಲ ಪಕ್ಕೆಲುಬಿಗೂ ಸೊಂಟದ ಮೂಳೆಗೂ ತಾಗಿ ಚುಚ್ಚಿದರೆ 7 ಅಥವಾ 8 ಸೆಂ.ಮೀ.ನದು ತೆಗೆದುಕೊಳ್ಳಬಹುದು. ದಪ್ಪ 10 ಮಿ.ಮೀ. ನಮಗೆ ಧಾರಾಳ ಸಾಕು, 13 ಮಿ.ಮೀ. ಬೆಲ್ಟು ಹದಕ್ಕೆ ಬರುವಷ್ಟರಲ್ಲಿ ಚರ್ಮ ಕೆಂಪಾಗುತ್ತದೆ. ಬಕಲ್‌ನಲ್ಲಿ ಒಂದೇ ಮುಳ್ಳಿನದು ಸರಳ. ಎರಡು ಮುಳ್ಳಿನದು ಹಾಕಿ ತೆಗೆಯಲು ತಾಪತ್ರಯ. ಲಿವರ್ ಇರುವುದು ಟಕ್ಕೆಂದು ಬಿಗಿಯುತ್ತದೆ, ಟಕ್ಕೆಂದು ಬಿಚ್ಚುತ್ತದೆ, ಆದರೆ ಬೆಲೆ ಹೆಚ್ಚು, ಅಳತೆ ಬದಲಿಸಲು ಸ್ಕ್ರೂ ಬಿಚ್ಚಬೇಕು, ಹಾಗಾಗಿ ಹಲವರು ಹಂಚಿಕೊಳ್ಳುವ ಬೆಲ್ಟಿಗೆ ಅದು ಆಗಿಬರುವುದಿಲ್ಲ. ಚರ್ಮ ಯಾವ ಪ್ರಾಣಿಯದು ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅಂಗಡಿಯವರಿಂದ ಖಚಿತ ಮಾಡಿಕೊಳ್ಳಿ, ಒಳಗಿನ ಅಸ್ತರ್ ಯಾವುದೆಂದೂ ಕೇಳಿ, ಸಂಶಯ ಉಳಿದರೆ ನೈಲಾನ್ ಇದ್ದೇ ಇದೆ.

ಕಟ್ಟುವುದು ಹೇಗೆ? ಕೆಳ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ಡೆಡ್‌ಲಿಫ್ಟ್‌ಗೆ ಸ್ವಲ್ಪ ಮೇಲೆ ಕಟ್ಟಿದರೆ ಬಗ್ಗಲು ಅನುಕೂಲ. ಬಿಗಿದ ಮೇಲೆ ಒಂದು ಬೆರಳು ಒಳಗೆ ತೂರಬೇಕು. ಹೊಟ್ಟೆ ಉಬ್ಬಿಸಲು ಜಾಗವೇ ಇಲ್ಲದಷ್ಟು ಬಿಗಿದರೆ ಉಪಯೋಗ ಹೋಯಿತು. ಆಮೇಲೆ ಹೊಟ್ಟೆಯೊಳಕ್ಕೆ ಉಸಿರು ತೆಗೆದು ಮುಂದಕ್ಕೆ ಮಾತ್ರವಲ್ಲ, ಎರಡೂ ಪಕ್ಕಕ್ಕೆ, ಹಿಂದಕ್ಕೆ, ಸುತ್ತಲೂ ಬೆಲ್ಟನ್ನು ಒತ್ತಿ. ಹೀಗೆ ಉಸಿರು ಹಿಡಿದಾಗ ರಕ್ತದ ಒತ್ತಡ ಕ್ಷಣಕಾಲ ಏರುತ್ತದೆ. ಬಿ.ಪಿ., ಹರ್ನಿಯಾ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ. ರಂಜಾನ್‌ನಲ್ಲಿ ನೀರಿಲ್ಲದ ಮಧ್ಯಾಹ್ನ ಭಾರದ ಸುತ್ತುಗಳು ಬೇಡ. ಇಫ್ತಾರ್ ಆದ ಕೂಡಲೇ ತುಂಬಿದ ಹೊಟ್ಟೆಯ ಮೇಲೆ ಬೆಲ್ಟು ಬಿಗಿಯುವುದೂ ಬೇಡ.

ಕೊನೆಯದಾಗಿ, ಈ ಲೇಖನದ ಬೇಡಿಕೆ. ನನ್ನ ಲೆಕ್ಕ ಇದು. ನಮ್ಮ ಸೆಕ್ಷನ್‌ನ ಏಳು ಬೆಲ್ಟುಗಳಿಗೆ ನಾವು ಸರಾಸರಿ 700 ರೂಪಾಯಿ ಎಂದರೂ ಒಟ್ಟು 4,900 ರೂಪಾಯಿ ಸುರಿದಿದ್ದೇವೆ. ಅದರಲ್ಲಿ ಸರಿಯಾದ ಅಳತೆಯದು ಎರಡು. ನಾನು ವಿಚಾರಿಸಿದ ಅಂಗಡಿಯಲ್ಲಿ ಗಟ್ಟಿಯಾದ, ಒಂದೇ ಮುಳ್ಳಿನ ಚರ್ಮದ ಬೆಲ್ಟಿಗೆ ಸುಮಾರು 2,000 ರೂಪಾಯಿ. ಸಣ್ಣ, ಮಧ್ಯಮ, ದೊಡ್ಡ ಅಳತೆಯ ಮೂರು ಬೆಲ್ಟುಗಳಿಗೆ 6,000. ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಬಾರ್ ಮತ್ತು ಪ್ಲೇಟುಗಳು ಈಗಾಗಲೇ ಇವೆ, ಬಹುಪಾಲು ದಿನ ಧೂಳು ತಿನ್ನುತ್ತಿವೆ. ಮೂರು ಬೆಲ್ಟುಗಳನ್ನು ಕಾಲೇಜು ತರಿಸಲಿ. ಒಬ್ಬೊಬ್ಬರು ಒಂದೊಂದು ಕೊಳ್ಳುವ ಅಗತ್ಯ ಆಗ ಯಾರಿಗೂ ಬೀಳುವುದಿಲ್ಲ. ದುಡ್ಡಿಲ್ಲದವನು ಇದ್ದವನ ಮುಂದೆ ಸಣ್ಣವನಾಗುವುದೂ ತಪ್ಪುತ್ತದೆ.

ಜೊತೆಗೆ ಗರಡಿಯ ನಿಯಮ ಒಂದು ಇರಲಿ. ಪಿ.ಡಿ. ಸರ್ ಎದುರಿಗೆ ಬೆಲ್ಟಿಲ್ಲದೆ ಐದು ಸ್ಕ್ವಾಟ್, ಐದು ಡೆಡ್‌ಲಿಫ್ಟ್ ಬೆನ್ನು ಬಾಗಿಸದೆ ಮಾಡಿ ತೋರಿಸಿದವರಿಗೆ ಮಾತ್ರ ಬೆಲ್ಟು. ವಾರಕ್ಕೆ ಎರಡು ದಿನ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ ಕೊಡಬೇಕು. ಇದು ನನ್ನದಲ್ಲ, ಸೈನ್ಸ್ ಸೆಕ್ಷನ್‌ನ ಸಹಪಾಠಿಯೊಬ್ಬಳ ಮಾತು. "ಹುಡುಗರಿಗೆ ಮಾತ್ರ ಬೆನ್ನು ಇರೋದಾ?" ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತೀಯ ಮಹಿಳೆಗೆ ಬಂದ ಮೊಟ್ಟಮೊದಲ ಪದಕವೇ ಭಾರ ಎತ್ತುವುದರಲ್ಲಿ, ಕರ್ಣಂ ಮಲ್ಲೇಶ್ವರಿ ಅವರದು. ಟೋಕಿಯೊದಲ್ಲಿ 49 ಕೆ.ಜಿ. ವಿಭಾಗದ ಮೀರಾಬಾಯಿ ಚಾನು ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ತಂದರು. ನಮ್ಮ ಅಮ್ಮಿಯರು ದಿನವೂ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತುತ್ತಲೇ ಇದ್ದಾರೆ, ಎತ್ತುವ ಕ್ರಮ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಈ ವಯಸ್ಸಿನಲ್ಲಿ ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಎಂದು ನಮ್ಮ ಉಪನ್ಯಾಸಕರೊಬ್ಬರು ಪ್ರೀತಿಯಿಂದಲೇ ಎಚ್ಚರಿಸಿದರು. ಅವರ ಕಾಳಜಿಗೆ ಗೌರವ ಇದೆ. ಆದರೆ ತಿಳಿದವರ ಮೇಲ್ವಿಚಾರಣೆಯಲ್ಲಿ, ಸರಿಯಾದ ಕ್ರಮದಲ್ಲಿ ಮಾಡಿದರೆ ಮಕ್ಕಳ ಬೆಳವಣಿಗೆಗೆ ಇದರಿಂದ ತೊಂದರೆ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ. ಇಲ್ಲಿ ಮುಖ್ಯವಾದದ್ದು "ತಿಳಿದವರ ಮೇಲ್ವಿಚಾರಣೆ" ಎಂಬ ಮಾತು. ನಾವು ಕಾಲೇಜಿನ ಹೊರಗೆ, ಯಾರೂ ನೋಡದ ಕಡೆ ಎತ್ತುವುದಕ್ಕಿಂತ ಸರ್ ಎದುರಿಗೆ ಎತ್ತುವುದು ಒಳ್ಳೆಯದಲ್ಲವೇ?

ನನ್ನ ಹಳೆಯ ಬೆಲ್ಟು ಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿದೆ. ಅದರ ಪಕ್ಕದ ಮೊಳೆಗೆ ಅಬ್ಬನ ಟವೆಲ್. ಅಬ್ಬನ ತಂಡದವರು ಈಗ ಯಾರ್ಡಿನಲ್ಲಿ ಎರಡು ಚಕ್ರದ ತಳ್ಳುಗಾಡಿ ಬೇಕೆಂದು ಕೇಳಿದ್ದಾರೆ, ಇನ್ನೂ ಬಂದಿಲ್ಲ. ನಾನು ಆರು ತಿಂಗಳಿನಿಂದ ಬೆಲ್ಟಿಲ್ಲದೆ ಎತ್ತುತ್ತಿದ್ದೇನೆ. 60 ಕೆ.ಜಿ.ಯಿಂದ ಮತ್ತೆ ಶುರು ಮಾಡಿ, ಕಳೆದ ವಾರ 100 ಕೆ.ಜಿ. ಎತ್ತಿದೆ, ಬೆನ್ನು ಬಾಗಲಿಲ್ಲ. ಅಂದು ಅಬ್ಬನಿಗೆ ಹೇಳಿದೆ. "ನೂರು ಅಂದ್ರೆ ಹಳೇ ಕಾಲದ ಒಂದು ಮೂಟೆ" ಅಂದು ನಕ್ಕರು.

ಮೂರು ಬೆಲ್ಟುಗಳ ಮನವಿಯನ್ನು ಬರೆದು ಪಿ.ಡಿ. ಸರ್ ಕೊಠಡಿಯ ಬಾಗಿಲಿಗೆ ಅಂಟಿಸಿದ್ದೇನೆ. ಒಪ್ಪುವವರು ಗುರುವಾರದೊಳಗೆ ಹೆಸರು, ಸೆಕ್ಷನ್ ಮತ್ತು ಹೊಕ್ಕುಳಿನ ಸುತ್ತಳತೆ ಬರೆಯಿರಿ. ದಯವಿಟ್ಟು ಟೇಪಿನಿಂದ ಅಳೆದು ಬರೆಯಿರಿ, ಪ್ಯಾಂಟಿನ ನಂಬರ್ ಬೇಡ.